ಕುಲಾವಿ ತೊಟ್ಟ ಫೋನು

ನಮ್ಮ ಮನೆಗೆ ಮೊದಲ ಸಲ ಬಂದವರ ಕಣ್ಣು ಟಿ.ವಿ. ಪಕ್ಕದ ಮೊಳೆಯ ಮೇಲೆ ಬೀಳುತ್ತದೆ. ಅಲ್ಲಿ ಗುಲಾಬಿ ಬಣ್ಣದ, ಕಿವಿಯ ಹತ್ತಿರ ಎರಡು ಬಿಳಿ ಗೊಂಡೆಗಳಿರುವ, ಕೂಸಿನ ಉಣ್ಣೆ ಕುಲಾವಿಯೊಂದು ನೇತಾಡುತ್ತಿರುತ್ತದೆ. ತಕ್ಷಣ ಅವರು ದನಿ ತಗ್ಗಿಸಿ, “ಕೂಸು ಮಲಗ್ಯದೇನ್ರಿ?” ಎನ್ನುತ್ತಾರೆ. ಮನೆಯಲ್ಲಿ ಕೂಸಿಲ್ಲ, ಕುಲಾವಿ ನನ್ನ ಫೋನಿನದು ಎಂದು ನಾನು ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತೇನೆ. ಆಮೇಲೆ ಬಂದವರು ಹೆಚ್ಚು ಹೊತ್ತು ಕೂರುವುದಿಲ್ಲ. ಬಿಸಿ ಚಹಾವನ್ನೇ ಗಟಗಟ ಕುಡಿದು, ಒಲೆಯ ಮೇಲೆ ಏನೋ ಇಟ್ಟು ಬಂದವರಂತೆ ಎದ್ದುಬಿಡುತ್ತಾರೆ. ರಿಟೈರಾದ ಕನ್ನಡ ಟೀಚರಿಗೆ ತಲೆ ಸ್ವಲ್ಪ ಆಚೀಚೆ ಆಗಿದೆ ಎಂದು ಓಣಿಯಲ್ಲಿ ಮಾತಾಗಿದೆಯಂತೆ. ನೀವಾದರೂ ಸಾವಕಾಶ ಕೂತು ಕೇಳಿ. ಆಮೇಲೆ ಬೇಕಾದರೆ ಎದ್ದು ಹೋಗಿ.

ಎಲ್ಲಾ ಶುರುವಾದದ್ದು ನನ್ನ ಬೀಳ್ಕೊಡುಗೆಯ ದಿನ. ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ನಾನು ಭಾಷಣ ಮಾಡಿದೆ. ಮಕ್ಕಳು ಅತ್ತರು, ನಾನೂ ಅತ್ತೆ, ಅಡುಗೆಯ ಅಮ್ಮನಂತೂ ಸಾರಿನ ಸೌಟು ಹಿಡಿದುಕೊಂಡೇ ಅತ್ತಳು. ಹೊಸದಾಗಿ ಬಂದಿದ್ದ ಟೀಚರೊಬ್ಬಳು ಅದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದಳು. ಮನೆಗೆ ಬಂದು, ಕಾಲು ಚಾಚಿ ಕೂತು, ನನ್ನ ದನಿಯನ್ನು ನಾನೇ ಕೇಳೋಣವೆಂದು ಹಚ್ಚಿದರೆ, “ಮಕ್ಕಳೇ… ಭುಸ್ಸ್… ನಾನು ನಿಮ್ಮನ್ನು… ಭುಸ್ಸ್… ಭರ್ರ್… ಎಂದಿಗೂ… ಭುಸ್ಸ್” ಎಂದು ಬರುತ್ತಿತ್ತು. ರಾಯಚೂರಿನ ಬೇಸಿಗೆಯ ಗಾಳಿ ನನ್ನ ಇಡೀ ಸರ್ವಿಸನ್ನು ಊದಿ ಬಿಸಾಕಿತ್ತು. ನನಗೆ ಎಂಥ ಸಿಟ್ಟು ಬಂತೆಂದರೆ, ಬಯಲಿನಲ್ಲಿ ಫೋನು ಹಿಡಿದು ಒಂದಾದರೂ ದನಿಯನ್ನು ಚೊಕ್ಕವಾಗಿ ಹಿಡಿಯದೆ ಬಿಡುವುದಿಲ್ಲ ಎಂದು ಹಠಕ್ಕೆ ಬಿದ್ದೆ.

ದಿನ ಬೆಳಗಾದರೆ ಫೋನು ಹಿಡಿದು ಹೊರಡತೊಡಗಿದೆ. ಮಾವಿನ ಕೆರೆಯ ದಂಡೆಯ ಹಕ್ಕಿಗಳು, ಮಿರ್ಚಿ ಕಾದ ಎಣ್ಣೆಗೆ ಬೀಳುವಾಗಿನ ಚುಂಯ್ ಸದ್ದು, ಚಾಕು ಸಾಣೆ ಹಿಡಿಯುವವನ ಕಲ್ಲು, ಎಲ್ಲವೂ ಬೇಕು ನನಗೆ. ಗಾಳಿಗೆ ಬೆನ್ನು ಕೊಟ್ಟು ನಿಂತು, ಎದೆಯ ಮರೆಯಲ್ಲಿ ಫೋನು ಹಿಡಿಯಬೇಕು ಎಂದು ಯಾರೋ ಹೇಳಿದರು. ರಾಯಚೂರಿನ ಗಾಳಿಗೆ ಇಂಥದೇ ದಿಕ್ಕು ಎಂಬುದಿಲ್ಲ. ನಾನು ಬೆನ್ನು ಕೊಟ್ಟ ಕಡೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆಯಿಂದ ಬೀಸುತ್ತಿತ್ತು. ಕೆರೆಯ ದಂಡೆಯಲ್ಲಿ ನಾನು ನಿಂತಲ್ಲೇ ಗಿರಗಿರ ತಿರುಗುವುದನ್ನು ನೋಡಿ ವಾಕಿಂಗಿಗೆ ಬಂದ ಹಿರಿಯರೊಬ್ಬರು, “ಏನ್ ಕಳಕೊಂಡೀರಿ ಅಕ್ಕೋರ? ಕಿವಿ ಓಲಿನಾ?” ಎಂದು ಕೇಳಿ, ತಾವೂ ಬಗ್ಗಿ ಹುಡುಕತೊಡಗಿದರು. ಅವರ ಸಮಾಧಾನಕ್ಕೆಂದು ನಾನೂ ಸ್ವಲ್ಪ ಹೊತ್ತು ಹುಡುಕಿದೆ.

ಗಾಳಿಗಿಂತ ದೊಡ್ಡ ತಾಪತ್ರಯ ಜನರದು. ತೀನ್ ಕಂದಿಲ್ ಹತ್ತಿರ ತಳ್ಳುಗಾಡಿಯ ಮೇಲೆ ಬದನೆಕಾಯಿ ಮಾರುವವನೊಬ್ಬನಿದ್ದ. “ಬದ್ನಿಕಾಯ್ ಬದ್ನಿಕಾಯ್ ಬದ್ನಿಕಾಯ್ಯೋ” ಎಂದು ಅವನು ಎಳೆಯುವ ಎಳೆತ ಆ ಚೌಕಕ್ಕೆಲ್ಲ ಕೇಳುತ್ತಿತ್ತು. ಆ ದನಿಗೆ ಮನಸೋತು ಫೋನು ಹಿಡಿದೆ. ಅವನು ಫೋನು ನೋಡಿದ. ಅಂಗಿಯ ಗುಂಡಿ ಹಾಕಿಕೊಂಡ. ಗಂಟಲು ಸರಿಮಾಡಿಕೊಂಡ. “ಮಾನ್ಯ ಗ್ರಾಹಕರಲ್ಲಿ ವಿನಂತಿ. ನಮ್ಮಲ್ಲಿ ತಾಜಾ ಬದನೆಕಾಯಿಗಳು ದೊರೆಯುತ್ತವೆ” ಎಂದ. ನಾನು ಮೂವತ್ತು ವರ್ಷ ತರಗತಿಯಲ್ಲಿ ಬಾಯಿ ಒಣಗಿಸಿಕೊಂಡರೂ ಯಾವ ಹುಡುಗನಿಂದಲೂ ಹೊರಡದಿದ್ದ ಕನ್ನಡ, ಬೇಡದ ಹೊತ್ತಿನಲ್ಲಿ ಒಂದು ಬದನೆಕಾಯಿ ಗಾಡಿಯಿಂದ ಹೊರಬಂತು.

ಇದು ನಮ್ಮ ಕಡೆಯವರ ಹಳೆಯ ರೋಗ. ನಾನು ಬೆಳೆದದ್ದು ಮಾನ್ವಿಯಲ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಗಿರಣಿಯ ಸಾಹುಕಾರರು ಒಂದು ಭಾನುವಾರ ತಮ್ಮ ಟೇಪ್ ರೆಕಾರ್ಡರನ್ನು ಅಪ್ಪನ ಕೈಗೆ ಕೊಟ್ಟು, ಸಂಜೆಯೊಳಗೆ ತಂದುಕೊಡು ಎಂದಿದ್ದರು. ಆಗ ಚೀಕಲಪರ್ವಿಯಿಂದ ಅಜ್ಜಿ ಬಂದಿದ್ದಳು, ಅವ್ವನ ತಾಯಿ. ಅಜ್ಜಿ ಹೊಳೆ ದಂಡೆಯಲ್ಲಿ ನಿಂತು ಕೂಗಿದರೆ ನೀರಿನ ನಡುವೆ ಕೊಂಬು ಮಾತ್ರ ಕಾಣುವಂತೆ ಮಲಗಿದ ಎಮ್ಮೆ ಎದ್ದು ಬರುತ್ತಿತ್ತು. ಆ ಕೂಗನ್ನು ಹಿಡಿಯಬೇಕೆಂದು ಅಪ್ಪನ ಆಸೆ. ಅಜ್ಜಿ ರೆಕಾರ್ಡರಿನ ಮುಂದೆ ಬಂದವಳು ಮೊದಲು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಊರ ಗೌಡರ ಎದುರು ಎಳೆದುಕೊಳ್ಳುವ ಹಾಗೆ. ಆಮೇಲೆ ಅದರ ಮುಂದೆ ಒಂದು ಲೋಟ ನೀರು ಇಟ್ಟಳು. ಅಪ್ಪ ಎಷ್ಟು ಹೇಳಿದರೂ ಕೂಗಲಿಲ್ಲ. “ಎಮ್ಮಿ ಇಲ್ದಾಗ ಕರದ್ರ, ಸುಮ್ ಸುಮ್ನ ಕರೀತಾಳಂತ ಅದಕ್ಕ ಸಿಟ್ಟು ಬರ್ತದಪಾ” ಎಂದಳು. ಎಮ್ಮೆ ಮೂರ್ನಾಲ್ಕು ಹರದಾರಿ ಆಚೆ, ಚೀಕಲಪರ್ವಿಯಲ್ಲಿತ್ತು. ಕ್ಯಾಸೆಟ್ಟಿನಲ್ಲಿ ಕಡೆಗೂ ಉಳಿದದ್ದು ಅಪ್ಪನ ‘ಹಲೋ ಹಲೋ’ ಮತ್ತು ನನ್ನ ಸೀನು.

ಕುಲಾವಿಯ ಮಾತಿಗೆ ಬರುತ್ತೇನೆ. ಫೋನಿನ ಬಾಯಿಗೆ ಉಣ್ಣೆಯ ಬಟ್ಟೆ ಮುಚ್ಚಿದರೆ ಗಾಳಿ ನೂಲಿನಲ್ಲಿ ಸಿಕ್ಕಿಕೊಂಡು ಮಾತು ಮಾತ್ರ ಒಳಗೆ ಹೋಗುತ್ತದೆ ಎಂದು ತಿಳಿಯಿತು. ಕಾಲುಚೀಲ ಹಾಕಿ ನೋಡಿದೆ. ಕೈಯಲ್ಲಿ ಒಂಟಿ ಕಾಲುಚೀಲ ಹಿಡಿದು ಅದಕ್ಕೆ ಕಿವಿಗೊಡುವ ಹೆಂಗಸಿನ ಹತ್ತಿರ ಯಾರೂ ನಿಲ್ಲಲಿಲ್ಲ. ಕೂಸಿನ ಕುಲಾವಿಯಾದರೆ ನೋಡುವುದಕ್ಕೂ ಚಂದ, ಕಟ್ಟಲು ಲಾಡಿಯೂ ಇರುತ್ತದೆ ಎಂದು ಬಟ್ಟೆ ಬಜಾರಿಗೆ ಹೋದೆ. ಸುಡುಸುಡು ಬಿಸಿಲಿನಲ್ಲಿ ಉಣ್ಣೆ ಕುಲಾವಿ ಕೇಳಿದ್ದಕ್ಕೇ ಅಂಗಡಿಯವನಿಗೆ ಅರ್ಧ ಗಾಬರಿ. ಅಳತೆ ಕೇಳಿದ. ನಾನು ಎರಡು ಬೆರಳು ಅಗಲ ಮಾಡಿ ಫೋನಿನ ಅಳತೆ ತೋರಿಸಿದೆ. ಅವನ ಮುಖ ಬಾಡಿತು. “ದಿನ ತುಂಬೂಕಿಂತ ಮದಲ ಹುಟ್ಟದೇನ್ರಿ?” ಎಂದು ಮೆಲ್ಲಗೆ ಕೇಳಿ, ರೇಟಿನಲ್ಲಿ ತಾನಾಗಿಯೇ ಇಳಿಸಿದ. ಅವನ ಕನಿಕರವನ್ನು ಒಡೆಯುವ ಧೈರ್ಯ ನನಗಾಗಲಿಲ್ಲ. “ಈಗ ಆರಾಮದಪಾ” ಎಂದು ಹೇಳಿ ಬಂದುಬಿಟ್ಟೆ.

ಇಷ್ಟೇ ಆಗಿದ್ದರೆ ಇದು ಹೊತ್ತು ಹೋಗದ ಮುದುಕಿಯ ಆಟವಾಗಿ ಮುಗಿಯುತ್ತಿತ್ತು. ಅಷ್ಟರಲ್ಲಿ ಗಬ್ಬೂರಿನಿಂದ ಕಾಕಾನ ಫೋನು ಬಂತು.

ಗಬ್ಬೂರಿನಲ್ಲಿ ನನ್ನ ಚಿಗವ್ವ ಇದ್ದಾಳೆ, ಅವ್ವನ ಕೊನೆಯ ತಂಗಿ, ಬಸಮ್ಮ. ಕಾಕಾ ಅವಳ ಗಂಡ. ಚಿಗವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಂತೂ ಪೂರ್ತಿ ಮುಚ್ಚಿತ್ತು. ಸೈಕಲ್ಲಿನ ಮೇಲೆ ಒಣಹಾಕಿದ ಕಂಬಳಿಗೆ “ಯಾವಾಗ ಬಂದ್ರಿ? ಬರ್ರಿ, ಒಳಗ ಬರ್ರಿ” ಎಂದು ಉಪಚಾರ ಮಾಡಿ, ಅದು ಒಳಗೆ ಬರಲಿಲ್ಲವೆಂದು ಬೇಜಾರು ಮಾಡಿಕೊಂಡಿದ್ದಳು. ನಗುವ ಮಾತಲ್ಲ. ಹಿಂದಿನ ವಾರ ಕೊಡ ಹೊತ್ತು ಬರುವಾಗ ಮೋರಿಗೆ ಕಾಲಿಟ್ಟು ಬಿದ್ದಿದ್ದಳು. ಇನ್ನು ತಡ ಮಾಡಿದರೆ ಕಷ್ಟ ಎಂದು ರಾಯಚೂರಿನ ಡಾಕ್ಟರು ಸಿಟ್ಟಾಗಿಯೇ ಹೇಳಿದ್ದರು. ಆಪರೇಶನ್ನಿಗೆ ಕೊಟ್ಟ ತಾರೀಖನ್ನು ಚಿಗವ್ವ ಆಗಲೇ ಎರಡು ಸಲ ತಪ್ಪಿಸಿದ್ದಳು. ಕಾರಣ ಚಂದ್ರಿ.

ಚಂದ್ರಿ ಅಂದರೆ ಎಮ್ಮೆ. ಹಣೆಯ ಮೇಲೆ ಬಿಳಿ ಚುಕ್ಕೆ. ಅದರ ಕರು ಹುಟ್ಟಿದ ಮರುದಿನವೇ ಸತ್ತಿತ್ತು. ಅಂದಿನಿಂದ ಅದು ಚಿಗವ್ವ ಪಕ್ಕದಲ್ಲಿ ಕೂತು ಮಾತಾಡಿದರೆ ಮಾತ್ರ ಹಾಲು ಬಿಡುತ್ತಿತ್ತು. ಬೇರೆ ಯಾರು ಕೂತರೂ ಕೆಚ್ಚಲು ಬಿಗಿಹಿಡಿದು ನಿಲ್ಲುತ್ತಿತ್ತು. ಆಪರೇಶನ್ ಆದ ಮೇಲೆ ಬಗ್ಗಬಾರದು, ಸಗಣಿ ಧೂಳು ತಾಗಬಾರದು, ಕೆಲವು ವಾರ ರಾಯಚೂರಿನಲ್ಲಿ ನನ್ನ ಮನೆಯಲ್ಲೇ ಇರಬೇಕು. ಅಷ್ಟು ದಿನ ಹಾಲು ಕರೆಯದೆ ಬಿಟ್ಟರೆ ಚಂದ್ರಿಗೆ ಕೆಚ್ಚಲು ಬಾವು. “ನನ್ ಕಣ್ಣಿಗಾಗಿ ಆ ಮೂಕ ಜೀವಕ್ಕ ತ್ರಾಸ ಕೊಡಾಕ ನಾ ಒಲ್ಲೆ” ಎಂದು ಚಿಗವ್ವ ಕೂತುಬಿಟ್ಟಿದ್ದಳು.

“ಗಿರಿಜವ್ವಾ, ನಾನೂ ಮಾಡೋದೆಲ್ಲ ಮಾಡಿ ನೋಡೀನಿ” ಎಂದ ಕಾಕಾ ಫೋನಿನಲ್ಲಿ. ನಮ್ಮ ಕಡೆ ಇದಕ್ಕೊಂದು ಉಪಾಯವಿದೆ. ಹಾಲು ಕರೆಯುವವಳು ಊರಿಗೆ ಹೋದರೆ ಮನೆಯ ಇನ್ನೊಬ್ಬರು ಅವಳ ಸೀರೆ ಉಟ್ಟು ಕೂರುವುದು. ಎಮ್ಮೆ ಸೀರೆಯ ವಾಸನೆಗೆ ಮೋಸಹೋಗುತ್ತದೆ. ಹಾಗೆ ಕಾಕಾ ಚಿಗವ್ವನ ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಬಿಳಿ ಹುರಿಮೀಸೆ ಸಮೇತ ಚಂದ್ರಿಯ ಪಕ್ಕದಲ್ಲಿ ಕೂತಿದ್ದನಂತೆ. “ಸೀರಿ ತನಾ ಸುಮ್ನಿತ್ತು ನೋಡವ್ವಾ. ನಾ ‘ಹೋ ಹೋ ನಮ್ಮವ್ವಾ’ ಅಂದೆ. ಒದ್ದದ್ದು, ಹಾಲಿನ ಚರಿಗಿ ಬ್ಯಾರೆ ಕಡಿ, ನಾ ಬ್ಯಾರೆ ಕಡಿ.” ಸೀರೆ ಸಾಲದು, ದನಿಯೂ ಬೇಕು. “ನೀ ಅದೇನೋ ಫೋನಿನ್ಯಾಗ ದನಿ ಹಿಡೀತೀಯಂತಲ್ಲ. ಇಕಿದೊಂದು ಹಿಡಕೊಡು. ಚೊಕ್ಕ ಬರಬೇಕ್ ನೋಡು. ಇಲ್ಲಂದ್ರ ಆಕಿ ಬರಂಗಿಲ್ಲ, ಕಣ್ಣೂ ಉಳಿಯಂಗಿಲ್ಲ.”

ನನ್ನ ಹುಚ್ಚಿಗೆ ಕೆಲಸ ಸಿಕ್ಕಿತ್ತು. ಕುಲಾವಿ ತೊಡಿಸಿದ ಫೋನನ್ನು ತೋಳಿನಲ್ಲಿ ಅವುಚಿಕೊಂಡು, ಗಬ್ಬೂರಿನ ಮೇಲೆ ಹೋಗುವ ದೇವದುರ್ಗದ ಬಸ್ಸು ಹತ್ತಿದೆ. ಬಸ್ಸು ಕಿಕ್ಕಿರಿದಿತ್ತು. ಎರಡು ಮೂರು ಜನ ಒಟ್ಟಿಗೇ ಎದ್ದು, “ಕೂಸಿನ ತಾಯಿ ಬಂದಾಳ, ಜಾಗ ಬಿಡ್ರಿ” ಎಂದರು. ನನ್ನ ತಲೆಯಲ್ಲಿ ಕರಿ ಕೂದಲು ಹುಡುಕಬೇಕು. ತಾಯಿ ಎಂದದ್ದಕ್ಕೆ ಒಳಗೊಳಗೇ ಖುಷಿಯಾಗಿ ಸುಮ್ಮನೆ ಕೂತೆ. ಪಕ್ಕದ ಹೆಂಗಸು, “ಮಾರಿ ಮುಚ್ಚವ್ವಾ, ಗಾಳಿ ಬಡೀತದ” ಎಂದು ಕುಲಾವಿಯನ್ನು ಇನ್ನಷ್ಟು ಎಳೆದಳು. ಎಳೆದವಳಿಗೆ ಫೋನಿನ ಗಾಜು ಕಂಡಿತು. ನನ್ನ ಮುಖ ನೋಡಿದಳು. ಮತ್ತೆ ಗಾಜು ನೋಡಿದಳು. ಕಿರುಚುತ್ತಾಳೆ ಎಂದುಕೊಂಡೆ. ಆಕೆ ತನ್ನ ಕಣ್ಣಂಚಿನ ಕಾಡಿಗೆಯನ್ನು ಬೆರಳಿಂದ ತೆಗೆದು, ಫೋನಿನ ಕೆಳತುದಿಗೆ ಒತ್ತಿ, ದಪ್ಪಗೆ ದೃಷ್ಟಿಬೊಟ್ಟು ಇಟ್ಟಳು. “ಫೋನಾದ್ರೇನ್ ಬಿಡವ್ವಾ. ಕುಲಾವಿ ಹಾಕಿದ ಮ್ಯಾಗ ದೃಷ್ಟಿ ಆಗೇ ಆಗ್ತದ” ಎಂದಳು.

ಆ ಬೊಟ್ಟು ಸರಿಯಾಗಿ ಫೋನಿನ ಮೈಕಿನ ತೂತಿನ ಮೇಲೆ ಕೂತಿತ್ತು. ಗಬ್ಬೂರಿನಲ್ಲಿ ಇಳಿದು ಮನೆಗೆ ಹೋಗಿ ಮಾತಾಡಿ ನೋಡಿದರೆ ನನ್ನ ದನಿ ಕಾಳು ತುಂಬುವ ನೆಲದ ಹಗೇವಿನೊಳಗೆ ಕೂತು ಮಾತಾಡಿದಂತೆ ಬಂತು. ಕಾರಣ ತಿಳಿಯದೆ ಕಾಕಾ ಮತ್ತು ನಾನು ಫೋನನ್ನು ಅಲುಗಾಡಿಸಿದೆವು, ಬಿಸಿಲಿಗೆ ಇಟ್ಟೆವು, ಬೆನ್ನು ತಟ್ಟಿದೆವು. ಕಡೆಗೆ ಚಿಗವ್ವ ಅದನ್ನು ಕೈಗೆ ತೆಗೆದುಕೊಂಡು, ಕಣ್ಣು ಕಾಣದ ಕಾರಣ ಬೆರಳಿಂದಲೇ ಸವರಿ, “ಇಲ್ಲಿ ಜಿಡ್ಡದಲ್ಲಬೇ” ಎಂದಳು. ಬೇವಿನ ಕಡ್ಡಿಯ ತುದಿಯಿಂದ ಬಿಡಿಸಿದೆವು.

ಅವತ್ತು ಸಂಜೆ ಚಿಗವ್ವ ಹಾಲು ಕರೆಯುವಾಗ, ಫೋನು ಸರಿಯಾಗಿದೆಯೇ ಎಂದು ನೋಡಲು ರೆಕಾರ್ಡ್ ಒತ್ತಿ ಮೇವಿನ ಬಣವೆಯ ಮೇಲೆ ಇಟ್ಟೆ. ಚಿಗವ್ವನಿಗೆ ಅದು ಗೊತ್ತಿರಲಿಲ್ಲ. ಆಮೇಲೆ ಕೇಳಿದರೆ ನನಗೆ ಅಳು ಬಂತು. ಅಷ್ಟು ಹೊಲಸು ರೆಕಾರ್ಡನ್ನು ನಾನು ಅದುವರೆಗೆ ಮಾಡಿರಲಿಲ್ಲ. ಟ್ರ್ಯಾಕ್ಟರ್ ಹೋದದ್ದು, ಕಾಕಾ ಕೆಮ್ಮಿದ್ದು, ಚರಿಗೆ ಎಲ್ಲಿ ಇಟ್ಟಿರಿ ಎಂದು ಚಿಗವ್ವ ಕಾಕಾನನ್ನು ಬೈದದ್ದು, ಅದರ ನಡುವೆ ಪಕ್ಕದ ಮನೆಯ ಲಚುಮವ್ವನ ಜೊತೆ ಜಗಳ. ಈ ಜಗಳ ವರ್ಷಗಟ್ಟಲೆಯದು. ನಡುವಿನ ಮೋಟುಗೋಡೆಯ ಮೇಲಿಂದ ದಿನವೂ ಎರಡು ಹೊತ್ತು, ಹಾಲು ಕರೆಯುವ ಹೊತ್ತಿಗೇ ನಡೆಯುತ್ತದೆ.

“ಏ ಲಚುಮಿ, ನಿನ್ ಕೋಳಿ ಮತ್ತ ನನ್ ಜ್ವಾಳದಾಗ ಬಂದದ ನೋಡು!”

“ನಂದಲ್ಲಬೇ ಬಸಮ್ಮಾ, ನಿಂದ ಅದು. ನೀನಾ ಕಾಲಿಗಿ ಕೆಂಪು ದಾರ ಕಟ್ಟೀದಿ, ನೋಡ್ಕೊ.”

“ಎಲ್ಲದ ದಾರ? ನನಗ ಕಾಣಂಗಿಲ್ಲೇನು?”

“ಕಾಣಂಗಿಲ್ಲಂತ ಊರಿಗೇ ಗೊತ್ತದ!”

ಇದನ್ನು ಎಮ್ಮೆಗೆ ಕೇಳಿಸುವುದು ಹೇಗೆ? ಆಪರೇಶನ್ನಿನ ಮೂರನೆಯ ತಾರೀಖಿಗೆ ನಡುವೆ ಒಂದೇ ದಿನ ಉಳಿದಿತ್ತು. ಮರುದಿನ ಬೆಳಗ್ಗೆಯೇ ಚಿಗವ್ವನನ್ನು ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿ, ಫೋನನ್ನು ಮುಖದಿಂದ ಒಂದು ಗೇಣು ದೂರ ಹಿಡಿದು, “ಚಂದ್ರಿ ಜೊತೆ ಮಾತಾಡಿದಂಗ ಮಾತಾಡು” ಎಂದೆ. ಚಿಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅಜ್ಜಿಯ ಮಗಳಲ್ಲವೇ.

“ಚಂದ್ರಿಯವರೇ,” ಎಂದಳು ಚಿಗವ್ವ, “ತಾವು ದಯಮಾಡಿ ಹಾಲು ಬಿಡಬೇಕಾಗಿ ವಿನಂತಿ.”

“ಏ, ಹಂಗ್ಯಾಕ್ ಮಾತಾಡ್ತಿ? ದಿನಾ ಮಾತಾಡಿದಂಗ ಮಾತಾಡು” ಎಂದ ಕಾಕಾ.

“ನೂರು ಮಂದಿ ಕೇಳೋ ಮಿಷನ್ನು. ಎಮ್ಮಿಗಿ ಮರ್ಯಾದಿ ಕೊಟ್ರ ನಿಮ್ದೇನ್ ಹೋಗ್ತದ?”

ಮರ್ಯಾದೆ ಬಿಡಿಸಲು ಮಧ್ಯಾಹ್ನವಾಯಿತು. ಬಿಟ್ಟ ಮೇಲೆ ಹಾದಿಯಲ್ಲಿ ಹೋಗುವವರು ಶುರುಮಾಡಿದರು. ನಮ್ಮೂರುಗಳಲ್ಲಿ ಕಟ್ಟೆಯ ಮೇಲೆ ಕೂತವರನ್ನು ಮಾತಾಡಿಸದೆ ಮುಂದೆ ಹೋಗುವುದು ಸೊಕ್ಕು. ಮಾತಾಡಿಸಿದವರಿಗೆ ಉತ್ತರ ಕೊಡದಿರುವುದು ಅದಕ್ಕಿಂತ ಸೊಕ್ಕು. ಹೀಗಾಗಿ “ಹೋ ಹೋ ನಮ್ಮವ್ವಾ, ನಿಂದ್ರು ನನ್ ಬಂಗಾರಾ, ಹಾಂ ಊಟ ಆತ್ರಿ, ನಿಮ್ದು ಆತೇನ್ರಿ? ಬರ್ರಿ, ಚಾ ಕುಡದ್ ಹೋಗೀರಂತ, ಬಿಡವ್ವಾ ಹಾಲು ಬಿಡು” ಎಂದು ಬಂತು. ಕಡೆಗೆ ಚಿಗವ್ವನನ್ನು ಒಳಗಿನ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ, ಮೂರು ಕೌದಿ ಹೊದಿಸಿ, ಬೆವರು ಸುರಿಯುತ್ತಿರುವಾಗ ರೆಕಾರ್ಡ್ ಮಾಡಿದೆ. ಆಹಾ! ಗಾಳಿಯಿಲ್ಲ, ಕೆಮ್ಮಿಲ್ಲ, ಕೋಳಿಯಿಲ್ಲ. ಅಚ್ಚ ದನಿ. ನಾನು ಅದನ್ನು ನನಗೇ ನಾಲ್ಕು ಸಲ ಕೇಳಿಸಿಕೊಂಡು ಬೀಗಿದೆ.

ಸಂಜೆ ಪರೀಕ್ಷೆ. ಚಿಗವ್ವ ಬಣವೆಯ ಹಿಂದೆ ಅಡಗಿ ಕೂತಳು. ಕಾಕಾ ಸೀರೆ ಉಟ್ಟು, ಸೆರಗು ಹೊದ್ದು, ಎರಡು ಮೊಣಕಾಲ ನಡುವೆ ಚರಿಗೆ ಇಟ್ಟುಕೊಂಡು ಕೂತ. ನಾನು ಕುಲಾವಿ ಹಾಕಿದ ಫೋನನ್ನು ಗೂಟಕ್ಕೆ ಕಟ್ಟಿ ಅಚ್ಚ ದನಿಯನ್ನು ಹಚ್ಚಿದೆ. “ಹೋ ಹೋ ನಮ್ಮವ್ವಾ.” ಚಂದ್ರಿ ಕಿವಿ ನಿಗುರಿಸಿತು. ಕುಲಾವಿ ನೋಡಿತು. ಕಾಕಾನ ಮೀಸೆ ನೋಡಿತು. ಮೇವು ತಿನ್ನತೊಡಗಿತು. ಮತ್ತೆ ಹಚ್ಚಿದೆ, ದನಿ ಏರಿಸಿ ಹಚ್ಚಿದೆ, ಕಿವಿಯ ಹತ್ತಿರ ಹಿಡಿದು ಹಚ್ಚಿದೆ. ಒಂದು ಹನಿ ಇಲ್ಲ.

ಬಣವೆಯ ಹಿಂದಿನಿಂದ ಚಿಗವ್ವನ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. “ಬಿಡ್ರಿ ಇನ್ನ. ನಾ ನಾಳಿ ಬರಂಗಿಲ್ಲ. ಕಣ್ಣು ಹೋದ್ರ ಹೋಗ್ಲಿ, ಕೈಗಿ ದಾರಿ ಗೊತ್ತದ.” ಕಾಕಾ ಸೆರಗಿನಿಂದಲೇ ಮುಖ ಒರೆಸಿಕೊಂಡ. ಬೆವರು ಎಂದು ನಾನು ತಿಳಿದೆ, ಬೆವರಲ್ಲ. ನನಗಂತೂ ಆ ಫೋನನ್ನು ಹಗೇವಿಗೆ ಎಸೆಯಬೇಕೆನಿಸಿತು. ಇದ್ದಬದ್ದ ರೆಕಾರ್ಡುಗಳನ್ನೆಲ್ಲ ಅಳಿಸಿಬಿಡೋಣವೆಂದು ಬೆರಳಾಡಿಸಿದೆ. ಸಿಟ್ಟಿನ ಭರದಲ್ಲಿ ಅಳಿಸುವುದರ ಬದಲು ಹಚ್ಚುವುದನ್ನು ಒತ್ತಿಬಿಟ್ಟೆ.

ಟ್ರ್ಯಾಕ್ಟರ್ ಭರ್ರೆಂದಿತು. ಕಾಕಾ ಕೆಮ್ಮಿದ. ಚರಿಗೆ ಢಣ್ಣೆಂದಿತು. “ಏ ಲಚುಮಿ, ನಿನ್ ಕೋಳಿ ಮತ್ತ ನನ್ ಜ್ವಾಳದಾಗ ಬಂದದ ನೋಡು!” ಎಂದು ನಿನ್ನೆಯ ಚಿಗವ್ವ ಗುಡುಗಿದಳು. ಚಂದ್ರಿ ಮೇವು ತಿನ್ನುವುದನ್ನು ನಿಲ್ಲಿಸಿತು. ಅರ್ಧ ಕಣ್ಣು ಮುಚ್ಚಿತು. ಕಾಕಾ ಬೆರಳಿಟ್ಟ. ಸರ್ರ್ ಎಂದು ಹಾಲು ಚರಿಗೆಗೆ ಬಿತ್ತು.

ಅದೇ ಹೊತ್ತಿಗೆ ಮೋಟುಗೋಡೆಯ ಮೇಲೆ ನಿಜವಾದ ಲಚುಮವ್ವನ ತಲೆ ಎದ್ದಿತು. ಬಾಯಿ ತೆಗೆಯುವಷ್ಟರಲ್ಲಿ ಫೋನಿನೊಳಗಿನ ಲಚುಮವ್ವ, “ನಂದಲ್ಲಬೇ ಬಸಮ್ಮಾ, ನಿಂದ ಅದು” ಎಂದುಬಿಟ್ಟಳು.

“ಇದ್ಯಾವಾಕಿ ನನ್ ಮಾತು ಆಡಾಕತ್ತಾಳ!” ಎಂದು ಲಚುಮವ್ವ ಹೌಹಾರಿದಳು. ನಾನು ಕೈಸನ್ನೆಯಿಂದ, ಪಿಸುಮಾತಿನಿಂದ ವಿಷಯ ಹೇಳಿದೆ. ಅರ್ಥವಾಯಿತೋ ಇಲ್ಲವೋ, ಆಕೆಗೆ ಬೇಜಾರಾದದ್ದು ಬೇರೆಯದೇ ಕಾರಣಕ್ಕೆ. “ನಿನ್ನಿ ನಾ ಬರೇ ಅಷ್ಟ ಅಂದಿದ್ನೇನು? ಛೇ, ಸಾಲಂಗಿಲ್ಲ. ಇವತ್ತ ಕೇಳ್ ಬಸಮ್ಮಾ” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸದಾಗಿ ಶುರುಮಾಡಿದಳು. ಫೋನು ನಿನ್ನೆಯದನ್ನೇ ಹೇಳುತ್ತಿತ್ತು, ಲಚುಮವ್ವ ಇವತ್ತಿನದನ್ನು ಹೇಳುತ್ತಿದ್ದಳು. ಬಣವೆಯ ಹಿಂದೆ ಚಿಗವ್ವ ಉತ್ತರ ಕೊಡಲಾಗದೆ ಒದ್ದಾಡುತ್ತಿದ್ದಳು. ನಾನು ಓಡಿಹೋಗಿ ಅವಳ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದೆ. ಚರಿಗೆ ನೊರೆಯುಕ್ಕಿ ತುಂಬಿತು. ಸೀರೆಯುಟ್ಟ ಕಾಕಾ, “ಬಿಟ್ಟದಬೇ, ಬಿಟ್ಟದ!” ಎಂದು ಎದ್ದು ನಿಂತ.

ಮರುದಿನ ಚಿಗವ್ವನನ್ನು ರಾಯಚೂರಿಗೆ ಕರೆತಂದೆ. ಆ ಹೊಲಸು ರೆಕಾರ್ಡನ್ನು ಕಾಕಾನ ಫೋನಿಗೆ ಹಾಕಿ, ಕುಲಾವಿಯನ್ನೂ ಅವನಿಗೇ ಕೊಟ್ಟು ಬಂದೆ. ಇನ್ನು ಗಾಳಿ ತಡೆಯುವ ಕೆಲಸ ಅದಕ್ಕಿಲ್ಲ ಎಂದರೂ ಕಾಕಾ ಬಿಡಲಿಲ್ಲ. “ಕುಲಾವಿ ಇಲ್ಲಂದ್ರ ಎಮ್ಮಿ ಗುರುತು ಹಿಡಿಯಂಗಿಲ್ಲ” ಎಂದ. ಆಪರೇಶನ್ ಚೆನ್ನಾಗಿಯೇ ಆಯಿತು.

ಕಾಕಾ ದಿನವೂ ಫೋನು ಮಾಡಿ ವರದಿ ಒಪ್ಪಿಸುತ್ತಿದ್ದ. ಚಂದ್ರಿ ಒಂದು ಹೊತ್ತೂ ತಪ್ಪಿಸುತ್ತಿಲ್ಲ. ಲಚುಮವ್ವ ಎರಡೂ ಹೊತ್ತು ಸರಿಯಾಗಿ ಗೋಡೆಗೆ ಬರುತ್ತಾಳೆ. ಫೋನು ದಿನವೂ ಅದನ್ನೇ ಹೇಳುವುದರಿಂದ ಎಲ್ಲದಕ್ಕೂ ಜವಾಬು ತಯಾರಿ ಮಾಡಿಕೊಂಡೇ ಬರುತ್ತಾಳೆ, ಈಗೀಗ ಆಕೆಯೇ ಗೆಲ್ಲುತ್ತಿದ್ದಾಳೆ. ನಾನು ಕೇಳಿ ಕೇಳಿ ನಗುತ್ತಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತ ಚಿಗವ್ವ ನಗುತ್ತಿರಲಿಲ್ಲ. ಒಂದು ದಿನ ಮೆಲ್ಲಗೆ, “ಅಂದ್ರ ನಾ ಇಲ್ದಿದ್ರೂ ನಡೀತದ, ಅಲ್ಲಾ ಗಿರಿಜಿ?” ಎಂದಳು. ಕನ್ನಡಕದ ಕೆಳಗೆ ಗಲ್ಲ ಒದ್ದೆಯಾಗುತ್ತಿತ್ತು. ಅಳಬೇಡ, ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂದೆ. “ಈ ನೀರು ಒಳಗಿಂದು. ಡಾಕ್ಟರು ಹೊರಗಿಂದು ಹೇಳ್ಯಾರ” ಎಂದಳು. ಅವತ್ತು ನನಗೂ ನನ್ನ ಸಾಧನೆಯ ಮೇಲೆ ಸಿಟ್ಟು ಬಂತು.

ಡಾಕ್ಟರು ಸರಿ ಎಂದ ಮೇಲೆ ಗಬ್ಬೂರಿಗೆ ಕರೆದೊಯ್ದೆ. ನಾವು ಮುಟ್ಟಿದಾಗ ಸಂಜೆ ಹಾಲು ಕರೆಯುವ ಹೊತ್ತು. ಕಾಕಾ ಸೀರೆ ಉಟ್ಟು ತಯಾರಾಗಿಯೇ ಇದ್ದ. ಆ ಹೊತ್ತಿಗೆ ಅವನ ನೆರಿಗೆಗಳು ನನ್ನ ನೆರಿಗೆಗಳಿಗಿಂತ ಚಂದ ಬೀಳುತ್ತಿದ್ದವು. ಚಿಗವ್ವ ಅವನ ಕೈಯಿಂದ ಚರಿಗೆ ತೆಗೆದುಕೊಂಡಳು. “ಆ ಫೋನು ಒಳಗ ಇಡ್ರಿ” ಎಂದಳು. ನಾನು ಕುಲಾವಿಯನ್ನು ಗೂಟದಿಂದ ಬಿಡಿಸಿಕೊಂಡು ನಿಂತೆ. ಗೋಡೆಯಾಚೆ ಲಚುಮವ್ವ ಬಂದು ನಿಂತಿದ್ದಳು. ಜಗಳ ತೆಗೆಯದೆ ಗೋಡೆಯ ಮೇಲೆ ಕೈಯೂರಿ ನೋಡುತ್ತಿದ್ದಳು.

ಚಿಗವ್ವ ಚಂದ್ರಿಯ ಪಕ್ಕದಲ್ಲಿ ಕೂತು ಮುಖವೆತ್ತಿ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಚೆನ್ನಾಗಿ ನೋಡಿದ್ದು. “ಯವ್ವಾ, ನಿನಗೂ ಬಿಳಿ ಕೂದ್ಲ ಬಂದಾವಲ್ಲಬೇ” ಎಂದು ಅದರ ಕುತ್ತಿಗೆ ಸವರಿದಳು. ಪ್ರೀತಿಯಿಂದ ಏನೇನೋ ಹೇಳಿದಳು, ನನ್ನ ಅಚ್ಚ ರೆಕಾರ್ಡಿನಲ್ಲಿದ್ದಂಥ ಮೆತ್ತಗಿನ ಮಾತುಗಳು. ಚಂದ್ರಿ ಹಾಲು ಬಿಡಲಿಲ್ಲ. ತಲೆ ತಿರುಗಿಸಿ ಖಾಲಿ ಗೂಟವನ್ನು ನೋಡಿತು. ಚಿಗವ್ವನ ಕೈ ಹಾಗೇ ನಿಂತಿತು. ಕಾಕಾ ಅವಳ ಮುಖ ನೋಡಲಾಗದೆ ಸೆರಗಿನ ಅಂಚು ಕಚ್ಚಿಕೊಂಡ.

ಗೋಡೆಯಾಚೆಯಿಂದ ಲಚುಮವ್ವ ತಡೆಯಲಾರದೆ ಅಂದಳು. “ಬಸಮ್ಮಾ, ಬಂದಾಕಿ ಸುಮ್ನ ಯಾಕ ಕುಂತೀಬೇ? ಇಷ್ಟು ದಿನ ಆ ಫೋನಿಗಿ ಬೈದು ಬೈದು ಬ್ಯಾಸತ್ತೀನಿ. ಏನ್ ಅಂದ್ರೂ ಅದಕ್ಕ ಸಿಟ್ಟಾ ಬರಂಗಿಲ್ಲ.”

ಅಷ್ಟರಲ್ಲಿ ಅಂಗಳದಲ್ಲಿ ಹರವಿದ ಜೋಳದೊಳಗೆ ಕೋಳಿ ಬಂತು. ಕೆದರಿ ಕೆದರಿ ತಿನ್ನತೊಡಗಿತು. ಚಿಗವ್ವ ಕನ್ನಡಕ ಸರಿಸಿ ಅದನ್ನು ನೋಡಿದಳು. ಕಾಲಿನಿಂದ ತಲೆಯವರೆಗೆ ನೋಡಿದಳು, ಕಣ್ಣು ಮತ್ತೆ ಕಾಲಿಗೆ ಬಂದು ನಿಂತಿತು. ಕಾಲಿನಲ್ಲಿ ಕೆಂಪು ದಾರವಿತ್ತು. ಅವಳೇ ತನ್ನ ಕೈಯಾರೆ ಕಟ್ಟಿದ ದಾರ, ಅವಳದೇ ಗಂಟು. ನನಗೆ ಕಂಡಿತು, ಕಾಕಾನಿಗೆ ಕಂಡಿತು, ಲಚುಮವ್ವನಿಗಂತೂ ಯಾವಾಗಲೋ ಕಂಡಿತ್ತು. ಇಷ್ಟು ವರ್ಷದ ಜಗಳ ಒಂದೇ ಮಾತಿಗೆ ಮುಗಿಯುವುದರಲ್ಲಿತ್ತು. ಚಿಗವ್ವ ಲಚುಮವ್ವನ ಮುಖ ನೋಡಿದಳು. ಚಂದ್ರಿಯನ್ನು ನೋಡಿದಳು. ಆಮೇಲೆ ಓಣಿಗೆಲ್ಲ ಕೇಳುವಂತೆ,

“ಏ ಲಚುಮಿ, ನಿನ್ ಕೋಳಿ ಮತ್ತ ನನ್ ಜ್ವಾಳದಾಗ ಬಂದದ ನೋಡು!” ಎಂದಳು.

ಲಚುಮವ್ವನ ಮುಖ ಅರಳಿತು. “ನಂದಲ್ಲಬೇ, ನಿಂದ! ಕಾಲಾಗ ಕೆಂಪು ದಾರ ನೋಡು!”

“ಎಲ್ಲದ ದಾರ?”

“ಕಣ್ಣು ಮಾಡಿಸ್ಕೊಂಡ್ ಬಂದ್ರೂ ಕಾಣವಲ್ದಲ್ಲಬೇ ನಿನಗ!”

“ಕಾಣತಾವ ನನಗ, ಎಲ್ಲಾ ಕಾಣತಾವ! ಕೆಂಪಂತ, ದಾರಂತ!”

ಚರಿಗೆಯೊಳಗೆ ಹಾಲು ಸರ್ರ್ ಎಂದು ಬೀಳತೊಡಗಿತು. ನಾನು ಫೋನು ತೆಗೆದು ರೆಕಾರ್ಡ್ ಒತ್ತಿದೆ. ಕುಲಾವಿ ಹಾಕಲಿಲ್ಲ.